ಉಪ್ಸಾರು ಖಾರಕ್ಕೆ ಬೆವರಿಳಿದಾಗ

ಮಂಡ್ಯದ ಬೇಸಿಗೆ, ಮುದ್ದೆಗೆ ಉಪ್ಸಾರು, ಪಕ್ಕದಲ್ಲಿ ಒಂದು ಚಮಚ ಹಸಿಮೆಣಸಿನ ಖಾರ. ಎರಡನೇ ತುತ್ತಿಗೇ ಹಣೆ, ಮೂಗಿನ ತುದಿ ಒದ್ದೆ. ಮೈ ಕಾದಂತೆ ಅನ್ನಿಸಿದರೂ ಒಳಗಿನ ತಾಪ ಹೆಚ್ಚುಕಡಿಮೆ 37 ಡಿಗ್ರಿಯಲ್ಲೇ ಇರುತ್ತದೆ. ಸುಮಾರು 43 ಡಿಗ್ರಿ ಬಿಸಿಗೆ ಎಚ್ಚೆತ್ತುಕೊಳ್ಳುವ ನರದ ಗ್ರಾಹಕವನ್ನೇ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶ ಕೆಣಕುತ್ತದೆ. ಮಿದುಳು ಮೋಸಹೋಗಿ ಬೆವರಿಳಿಸುತ್ತದೆ.

ತಂಪಾಗಬೇಕೆಂದರೆ ಆ ಬೆವರು ಆರಬೇಕು. ಜಗಲಿಯಲ್ಲೋ ಫ್ಯಾನಿನ ಕೆಳಗೋ ಕೂತು ಉಣ್ಣಿ. ಗಾಳಿಯಾಡದ ಅಡುಗೆಮನೆಯಲ್ಲಿ ಬರೀ ಅಂಟಂಟು, ತಂಪಿಲ್ಲ.

ಖಾರ ತಗ್ಗಿಸಲು ಬೀಜ ಉದುರಿಸಿದರೆ ಸಾಲದು. ಬೀಜ ಅಂಟಿಕೊಂಡಿರುವ ಬಿಳಿ ತಿರುಳಲ್ಲೇ ಕ್ಯಾಪ್ಸೈಸಿನ್ ಹೆಚ್ಚು; ಮೆಣಸಿನಕಾಯಿ ಸೀಳಿ ಅದನ್ನು ಕೆರೆದು ತೆಗೆಯಿರಿ, ಆಮೇಲೆ ಕೈಗೆ ಎಣ್ಣೆ ಸವರಿ ಸೋಪು ಹಾಕಿ ತೊಳೆಯಿರಿ. ಬಾಯಿ ಉರಿದರೆ ನೀರಿಂದ ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಲ್ಲಿ ಕರಗುವಂಥದ್ದಲ್ಲ. ಅರ್ಧ ಲೋಟ ಗಟ್ಟಿ ಮೊಸರನ್ನು ಬಾಯಲ್ಲಿ ಸ್ವಲ್ಪ ಹೊತ್ತು ಆಡಿಸಿ ನುಂಗಿ. ನೀರುಮಜ್ಜಿಗೆ ಉರಿಗೆ ಅಷ್ಟು ಸಾಲದು. ಬೆವರಿನಲ್ಲಿ ಹೋದ ನೀರು, ಉಪ್ಪಿಗೆ ಮಾತ್ರ ಊಟದ ಕೊನೆಗೆ ಅದೇ ಸರಿ.

ಜ್ವರ ನೋಡುವುದಿದ್ದರೆ ಊಟವಾಗಿ ಅರ್ಧ ಗಂಟೆ ಬಿಟ್ಟು ಥರ್ಮಾಮೀಟರ್ ಇಡಿ. ಬಿಸಿ ಮುದ್ದೆ ನುಂಗಿದ ಬಾಯಿ ಸುಳ್ಳು ಲೆಕ್ಕ ಕೊಡುತ್ತದೆ.