ಪಿಲಾಟೆಸ್ ಮ್ಯಾಟ್ ಕೊಳ್ಳುವ ಮೊದಲು ನೆಲದ ಮೇಲೆ ಚಾಕ್ ಎಳೆಯಿರಿ

ಬಾಗಲಕೋಟೆಯ ನವನಗರದಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದೇ ಜಾಸ್ತಿ. ದಿನಕ್ಕೆ ಎಂಟು ತಾಸು ಮಷಿನ್ ಮುಂದೆ ಬಗ್ಗಿ ಕೂತು ಸೊಂಟ ಹಿಡಿದುಕೊಂಡಿತ್ತು. ತಂಗಿಯ ಮಗಳು ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿದ್ದಾಳೆ. "ದೊಡ್ಡವ್ವಾ, ಮನ್ಯಾಗ ಪಿಲಾಟೆಸ್ ಮಾಡು, ನಾ ವಿಡಿಯೋ ಕಾಲ್‌ನ್ಯಾಗ ನೋಡ್ತೀನಿ" ಅಂದಳು. ಪಿಲಾಟೆಸ್ ಅಂದರೆ ಹೊಟ್ಟೆ, ಬೆನ್ನು ಗಟ್ಟಿಯಾಗಲು ನಿಧಾನವಾಗಿ ಮಾಡುವ ವ್ಯಾಯಾಮ. ಎರಡು ವರ್ಷವಾಯಿತು, ಬಿಟ್ಟಿಲ್ಲ. ಈಗ ಅಂಗಡಿಗೆ ಬರುವ ಹೆಣ್ಣುಮಕ್ಕಳು ಅಳತೆ ಕೊಡುತ್ತಲೇ ಕೇಳುತ್ತಾರೆ, "ಯಾವ ಮ್ಯಾಟ್ ತಗೋಬೇಕ್ರಿ ಅಕ್ಕಾರ?"

ನಮ್ಮ ಮನೆಯ ನೆಲ ಶಹಾಬಾದ್ ಫರ್ಸಿ. ಬೇಸಿಗೆಯಲ್ಲಿ ತಂಪು, ಬೆನ್ನಿಗೆ ಮಾತ್ರ ಕಲ್ಲು ಕಲ್ಲೇ. ಮೊದಲು ಅವ್ವ ಹೊಲಿದ ಕೌದಿ ಮಡಚಿ ಹಾಸಿದೆ. ಮೆತ್ತಗಿತ್ತು, ಆದರೆ ಕಾಲು ಚಾಚಿದಾಗೆಲ್ಲ ಜಾರುತ್ತಿತ್ತು. ಆಮೇಲೆ ಮಗನ ಯೋಗ ಮ್ಯಾಟ್ ತಗೊಂಡೆ, 4 ಮಿಲಿಮೀಟರ್‌ನದು. ಮೊಣಕಾಲು ಅಪ್ಪಿಕೊಂಡು ಚೆಂಡಿನ ಹಾಗೆ ಹಿಂದೆ ಮುಂದೆ ಉರುಳುವ ವ್ಯಾಯಾಮ ಇದೆ, ಅಲ್ವಾ? ಅದನ್ನು ಮಾಡುವಾಗ ಬೆನ್ನಿನ ಒಂದೊಂದು ಮಣಿಯೂ ಫರ್ಸಿಗೆ ಬಡಿಯಿತು. ಎರಡು ದಿನ ಮಷಿನ್ ಮುಂದೆ ಕೂರಲು ಆಗಲಿಲ್ಲ.

ಯೋಗದ ಮ್ಯಾಟ್ ತೆಳ್ಳಗಿರುವುದು ತಪ್ಪಲ್ಲ. ನಿಂತು ಮಾಡುವ ಆಸನಕ್ಕೆ ಪಾದ ಗಟ್ಟಿಯಾಗಿ ಊರಬೇಕು. ಪಿಲಾಟೆಸ್‌ನ ಲೆಕ್ಕ ಬೇರೆ. ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ಕಲಿಸಿದ 34 ಮ್ಯಾಟ್ ವ್ಯಾಯಾಮಗಳಲ್ಲಿ ಬಹುಪಾಲು ಮಲಗಿ, ಕೂತು, ಮಗ್ಗುಲಾಗಿ ಮಾಡುವಂಥವು. ಭಾರವೆಲ್ಲ ಬೆನ್ನಿನ ಮಣಿ, ಬಾಲದೆಲುಬು, ಚಪ್ಪೆಯ ಎಲುಬಿನ ಮೇಲೆ ಬೀಳುತ್ತದೆ. ಅದಕ್ಕೇ ಪಿಲಾಟೆಸ್‌ಗೆ 8ರಿಂದ 15 ಮಿಲಿಮೀಟರ್ ದಪ್ಪದ ಮ್ಯಾಟ್ ಬಳಸುತ್ತಾರೆ. ಫರ್ಸಿ ನೆಲಕ್ಕೆ 10 ಸಾಕು ಎನ್ನುವುದು ನನ್ನ ಅನುಭವ.

ಆದರೆ ದಪ್ಪ ಒಂದನ್ನೇ ನೋಡಬೇಡಿ. ನಾನು ನೋಡಿದ್ದೆ. 15 ಮಿಲಿಮೀಟರ್‌ನದು, ಹತ್ತಿಯ ಹಾಗೆ ಮೆತ್ತಗೆ, ಅಗ್ಗವಾಗಿ ಸಿಕ್ಕಿತು. ಕೂತರೆ ಕುಸಿದು ನೆಲ ಮುಟ್ಟುತ್ತಿತ್ತು. ಮಗ್ಗುಲಾಗಿ ಕಾಲು ಎತ್ತಿದರೆ ಮೈ ಓಲಾಡುತ್ತಿತ್ತು. ಆರು ತಿಂಗಳಿಗೆ ಸೊಂಟ ಊರುವ ಜಾಗ ತಗ್ಗು ಬಿತ್ತು. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡುವವಳು ನಾನು, ಮ್ಯಾಟನ್ನೂ ಹಾಗೇ ನೋಡಬೇಕಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಜೋರಾಗಿ ಚಿವುಟಿ. ಬೆರಳೆರಡೂ ಹತ್ತಿರ ಹತ್ತಿರ ಕೂಡಿದರೆ ನಿಮ್ಮ ಬಾಲದೆಲುಬೂ ನೆಲಕ್ಕೆ ಕೂಡುತ್ತದೆ. ಬಿಟ್ಟ ಕೂಡಲೇ ಗುರುತು ಮಾಯವಾಗಬೇಕು. ಅಂಗಡಿಯವರು ಬಿಡಿಸಿ ಹಾಸಲು ಒಪ್ಪಿದರೆ ಸಂಕೋಚ ಬಿಟ್ಟು ಮೊಣಕಾಲೂರಿ ಕೂತು ನೋಡಿ. ಆನ್‌ಲೈನ್‌ನಲ್ಲಿ ಚಿವುಟಲು ಆಗಲ್ಲ, ಅಲ್ಲಿ ತೂಕ ನೋಡಿ. ಒಂದೇ ಬಗೆಯ ವಸ್ತು, ಒಂದೇ ಅಳತೆಯ ಎರಡು ಮ್ಯಾಟ್‌ಗಳಲ್ಲಿ ಜಾಸ್ತಿ ತೂಗುವುದು ಒತ್ತಾಗಿರುತ್ತದೆ.

ಉದ್ದ ಅಗಲಕ್ಕೆ ನನ್ನ ಉಪಾಯ ಟೇಪು ಮತ್ತು ಚಾಕ್. ಮ್ಯಾಟ್‌ಗಳು ಸಾಮಾನ್ಯವಾಗಿ 24 ಇಂಚು ಅಗಲ, 68 ಅಥವಾ 72 ಇಂಚು ಉದ್ದ ಬರುತ್ತವೆ. ಆ ಅಳತೆಯ ಚೌಕಟ್ಟನ್ನು ಫರ್ಸಿ ಮೇಲೆ ಬರೆದು ಒಳಗೆ ಮಲಗಿ. ತಲೆ, ಹಿಮ್ಮಡಿ ಎರಡೂ ಒಳಗೇ ಇರಬೇಕು, ಮೇಲೊಂದು ಗೇಣು ಜಾಗ ಉಳಿದರೆ ಒಳ್ಳೆಯದು. ತಲೆಯ ಮೇಲೆ ಚಾಚಿದ ಕೈ ಹೊರಗೆ ಹೋದರೆ ಚಿಂತೆಯಿಲ್ಲ. ಮಗ್ಗುಲಿಗೆ ತಿರುಗಿ, ಮೊಣಕೈ ಎಲ್ಲಿ ಬೀಳುತ್ತದೆ ನೋಡಿ. ನಾನು 5 ಅಡಿ 3 ಇಂಚು, 68 ಸಾಕಾಯಿತು. ನನ್ನ ಮಗನಿಗೆ ಆಗುವುದಿಲ್ಲ.

ಎಲುಬು ಸವೆದವರು, ಡಿಸ್ಕ್ ತೊಂದರೆ ಇರುವವರು ಎಂಥ ಒಳ್ಳೆಯ ಮ್ಯಾಟ್ ಇದ್ದರೂ ಡಾಕ್ಟರನ್ನು ಕೇಳದೆ ಉರುಳುವ ವ್ಯಾಯಾಮ ಮಾಡಬೇಡಿ, ದಯವಿಟ್ಟು. ಲ್ಯಾಟೆಕ್ಸ್ ಅಲರ್ಜಿ ಇದ್ದವರಿಗೆ ನೈಸರ್ಗಿಕ ರಬ್ಬರಿನ ಮ್ಯಾಟ್ ಬೇಡ.

ಹೊಸದರ ವಾಸನೆ ಹೋಗಲು ಎರಡು ಮೂರು ದಿನ ನೆರಳಲ್ಲಿ ಗಾಳಿಗೆ ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಒಣಹಾಕಿದರೆ ರಬ್ಬರು, ಫೋಮು ಎರಡೂ ಬೇಗ ಬಿರುಕು ಬಿಡುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಡಚಬೇಡಿ, ಸುತ್ತಿಡಿ. ಮಲಗುವ ಮಗ್ಗುಲು ಹೊರಗೆ ಬರುವಂತೆ ಸುತ್ತಿದರೆ, ಬಿಡಿಸಿದಾಗ ತುದಿಗಳು ಮೇಲೇಳುವುದಿಲ್ಲ.

ಮಗ ಆ 4 ಮಿಲಿಮೀಟರ್ ಮ್ಯಾಟ್ ಬೇಡ ಅಂದ. ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದೆ. ಎರಡನ್ನು ಒಂದರ ಮೇಲೊಂದಿಟ್ಟು ಮೊಣಕಾಲ ಕೆಳಗೆ ಹಾಕಿಕೊಳ್ಳುತ್ತೇನೆ. ಒಂದು ಮಣಿಕಟ್ಟಿಗೆ. ಉಳಿದದ್ದು ಮಷಿನ್ ಕೆಳಗಿದೆ, ಈಗ ಅದು ಫರ್ಸಿ ಮೇಲೆ ಸರಿದಾಡುವುದಿಲ್ಲ.