ಹಳೆಯ ಡಬ್ಲ್ಯು124 ಮರ್ಸಿಡಿಸ್ ಕೊಳ್ಳುವ ಮುನ್ನ ನೋಡಬೇಕಾದದ್ದು

ಮರ್ಸಿಡಿಸ್-ಬೆಂಜ್ ಕಂಪನಿಯ ಡಬ್ಲ್ಯು124 ಸಲೂನ್ ಕೊಳ್ಳಲು ಹೊರಟವರು ಬಾಗಿಲು ತೆರೆದು ಕುಳಿತ ಕೂಡಲೇ ಓಡೋಮೀಟರಿನತ್ತ ಕಣ್ಣು ಹಾಯಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕಟ್ಟಕಡೆಗೆ ನೋಡಬೇಕಾದ ಸಂಗತಿ. ಹೊತ್ತುಹೊತ್ತಿಗೆ ಎಣ್ಣೆ ಬದಲಿಸಿಕೊಂಡು ಬಂದ ಇಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ ತಕರಾರಿಲ್ಲದೆ ದುಡಿಯುತ್ತದೆ; ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರು, ಪುಡಿಯಾದ ತಂತಿಯ ಹೊದಿಕೆ, ಮರೆಯಲ್ಲಿ ತುಕ್ಕು ತಿಂದ ತಗಡು ಮಾತ್ರ ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರನ್ನೂ ಬಿಡುವುದಿಲ್ಲ.

1984ರ ಕೊನೆಯಲ್ಲಿ ಹೊರಬಂದ ಈ ಕಾರು ಬ್ರೂನೊ ಸಾಕೋ ಅವರು ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಕಾಲದ್ದು. 1993ರವರೆಗೆ ಡಿಕ್ಕಿಯ ಮೇಲೆ 300ಇ, 250ಡಿ ಎಂಬಂತೆ ಅಂಕಿಯ ನಂತರ ಅಕ್ಷರ ಬರುತ್ತಿತ್ತು. ಆಮೇಲೆ ಅಕ್ಷರ ಮುಂದಕ್ಕೆ ಬಂದು 'ಇ-ಕ್ಲಾಸ್' ಎಂಬ ಹೆಸರು ನೆಲೆಗೊಂಡಿತು. ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಜೊತೆಗಿನ ಪಾಲುದಾರಿಕೆಯಲ್ಲಿ 1995ರಿಂದ ಪುಣೆಯಲ್ಲಿ ಜೋಡಣೆಯಾದ ಮೊದಲ ಮರ್ಸಿಡಿಸ್ ಕಾರೂ ಇದೇ. ನಮ್ಮ ಕಡೆ ಮಾರಾಟಕ್ಕೆ ಸಿಗುವವು ಹೆಚ್ಚಾಗಿ ಆ ಇ220 ಪೆಟ್ರೋಲ್ ಅಥವಾ ಐದು ಸಿಲಿಂಡರಿನ ಇ250 ಡೀಸೆಲ್.

ಕಾರನ್ನು ಬೆಳಿಗ್ಗೆಯೇ ನೋಡಲು ಹೋಗಬೇಕು, ಮತ್ತು ತಾನು ಬರುವವರೆಗೆ ಇಂಜಿನ್ ಚಾಲೂ ಮಾಡಬಾರದೆಂದು ಮಾಲೀಕರಿಗೆ ಹಿಂದಿನ ದಿನವೇ ತಿಳಿಸಿರಬೇಕು. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮರೆಮಾಚಲಾಗಿದೆ ಎಂದು ಶಂಕಿಸುವುದು ತಪ್ಪಲ್ಲ. ಡೀಸೆಲ್ ಆದರೆ ಸಿಲಿಂಡರಿನ ಒಳಗನ್ನು ಮುಂಚೆಯೇ ಕಾಯಿಸುವ ಗ್ಲೋ ಪ್ಲಗ್ಗಿನ ದೀಪ ಆರಿದ ನಂತರ ಕೀಲಿ ತಿರುಗಿಸಿ. ಒಂದು ಪ್ಲಗ್ ಸತ್ತಿದ್ದರೂ ಇಂಜಿನ್ ಕೆಲ ಕ್ಷಣ ಕುಂಟುತ್ತದೆ. ಅದು ಸಣ್ಣ ರಿಪೇರಿ, ಹೆದರಬೇಕಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಮಾತ್ರ ಅಲ್ಲಿಂದ ಎದ್ದು ಬರುವುದು ಲೇಸು. ಎಣ್ಣೆಯ ಒತ್ತಡ ತೋರಿಸುವ ಮಾಪಕ ಎದುರಿಗೇ ಇದೆ: ತಣ್ಣಗಿರುವಾಗ ಮುಳ್ಳು 3ರ ತುದಿಗೆ ಅಂಟಿಕೊಂಡಿರಬೇಕು, ಚೆನ್ನಾಗಿ ಬಿಸಿಯಾಗಿ ಐಡಲ್‌ನಲ್ಲಿರುವಾಗ ಇಳಿದರೂ ಆಕ್ಸಿಲರೇಟರ್ ಮುಟ್ಟಿದೊಡನೆ ಮತ್ತೆ ಮೇಲೇರಬೇಕು.

ಇನ್ನು ವ್ಯಾಕ್ಯೂಮ್. ಈ ಕಾರಿನ ಅರ್ಧ ಒಗಟು ಅಡಗಿರುವುದು ಗಾಳಿಯಿಲ್ಲದ ಆ ಸಣ್ಣ ಕೊಳವೆಗಳಲ್ಲಿಯೇ. ಎಲ್ಲ ಬಾಗಿಲುಗಳ ಲಾಕ್ ಒಟ್ಟಿಗೆ ಬೀಳುವುದು ಮಾತ್ರವಲ್ಲ, ಡೀಸೆಲ್ ಇಂಜಿನ್ ನಿಲ್ಲುವುದೂ ವ್ಯಾಕ್ಯೂಮಿನಿಂದಲೇ. ಕೀಲಿ ತೆಗೆದ ಮೇಲೂ ಇಂಜಿನ್ ಗುಡುಗುಡು ಎನ್ನುತ್ತಲೇ ಇದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಹಲವು ಸಲ ಒಂದು ರಬ್ಬರ್ ಪೊರೆ ಹರಿದಿರುವುದೇ ಇಷ್ಟಕ್ಕೆಲ್ಲ ಕಾರಣವಾಗಿರುತ್ತದೆ. ಆದರೆ ಡೀಸೆಲ್ಲಿನಲ್ಲಿ ಇಂಜಿನ್ನಿಗೇ ಜೋಡಿಸಿದ ವ್ಯಾಕ್ಯೂಮ್ ಪಂಪಿನ ಬೇರಿಂಗ್ ಒಡೆದರೆ ಚೂರುಗಳು ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನಿಗೆ ಸಿಕ್ಕಿ ಇಂಜಿನ್ನೇ ಹಾಳಾಗಬಹುದು; ಪಂಪನ್ನು ಎಂದು ಬದಲಿಸಲಾಯಿತು ಎಂಬುದಕ್ಕೆ ಬಿಲ್ ಕೇಳಿ, ಬಿಲ್ ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ ಹಿಡಿದು ಬೆಲೆ ಮಾತನಾಡಿ.

ಪೆಟ್ರೋಲ್ ಕಾರಿನ ಶತ್ರು ಬೇರೆ. 1990ರ ದಶಕದ ಮೊದಲರ್ಧ ಮತ್ತು ಮಧ್ಯಭಾಗದ ಇಂಜಿನ್‌ಗಳಿಗೆ ಹಾಕಿದ ವೈರಿಂಗ್‌ನ ಹೊದಿಕೆ ಇಂಜಿನ್ನಿನ ಶಾಖಕ್ಕೆ ಒಣಗಿ ಉದುರುತ್ತದೆ. ಕನೆಕ್ಟರಿನ ಹತ್ತಿರ ಹೊರಕವಚವನ್ನು ಸ್ವಲ್ಪ ಸರಿಸಿ ಒಳಗಿನ ತಂತಿಯನ್ನು ಮೆಲ್ಲಗೆ ಬಾಗಿಸಿ ನೋಡಿ. ಹಪ್ಪಳದಂತೆ ಮುರಿದರೆ ಇಡೀ ಹಾರ್ನೆಸ್ (ತಂತಿಗಳ ಕಟ್ಟು) ಹೊಸದಾಗಬೇಕು. ಎಬಿಎಸ್ ದೀಪ ಹತ್ತಿಕೊಂಡು ಐಡಲ್ ಕೂಡ ಏರುಪೇರಾಗುತ್ತಿದ್ದರೆ ಮೆಕ್ಯಾನಿಕ್ ದೊಡ್ಡ ಪಟ್ಟಿ ಬರೆಯುವ ಮೊದಲು ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನಿಕ್ ಭಾಗಗಳನ್ನು ಕಾಯುವ ಓವರ್‌ವೋಲ್ಟೇಜ್ ರಿಲೇ ಬದಲಿಸಿ ನೋಡಲು ಹೇಳಿ. ನಾನು ಈ ಕ್ರಮವನ್ನು ತಿರುಗುಮುರುಗು ಮಾಡಿ ಒಮ್ಮೆ ದಂಡ ತೆತ್ತಿದ್ದೇನೆ.

ತುಕ್ಕಿನ ವಿಷಯದಲ್ಲಿ ಮಂಗಳೂರು, ಕಾರವಾರದ ಕಡೆಯ ಕಾರುಗಳಿಗೆ ಇಮ್ಮಡಿ ಎಚ್ಚರ ಬೇಕು. 1989ರ ನಂತರದ ಕಾರುಗಳ ಬಾಗಿಲಿನ ಕೆಳಭಾಗಕ್ಕೆ ಅಂಟಿಕೊಂಡಿರುವ ಪ್ಲಾಸ್ಟಿಕ್ ಫಲಕಗಳು ನೋಟಕ್ಕೆ ಘನತೆ ತಂದಷ್ಟೇ ಹಿಂದಿನ ತುಕ್ಕನ್ನೂ ಮುಚ್ಚುತ್ತವೆ. ಜಾಕ್ ಇಡುವ ಜಾಗದ ಮುಚ್ಚಳಗಳನ್ನು ಕಿತ್ತು ಟಾರ್ಚ್ ಬಿಡಿ. ಬ್ಯಾಟರಿಯ ತಟ್ಟೆ, ಹಿಂದಿನ ಗಾಜಿನ ಕೆಳ ಅಂಚು ಮತ್ತು ಮುಂದಿನ ಸ್ಪ್ರಿಂಗ್ ಕೂರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡುವುದು ಅಗತ್ಯ. ಇಂಜಿನ್ ಸಿಗುತ್ತದೆ, ಗೇರ್‌ಬಾಕ್ಸ್ ಸಿಗುತ್ತದೆ. ಕೊಳೆತ ಒಡಲನ್ನು ಸರಿಪಡಿಸುವ ಖರ್ಚಿಗೆ ಮಾತ್ರ ಮೇರೆಯಿಲ್ಲ.

ರಸ್ತೆಯಲ್ಲಿ ಕಾರು ತೇಲಿದಂತೆ ಸಾಗಬೇಕು, ತೂಗಾಡಬಾರದು. ಹಿಂದಿನ ಪ್ರತಿ ಚಕ್ರವನ್ನು ಐದು ತೋಳುಗಳು ಹಿಡಿದಿವೆ, ಪ್ರತಿ ತೋಳಿಗೂ ರಬ್ಬರ್ ಬುಷ್ (ಕೀಲಿನ ಮೆತ್ತೆ). ಅವು ಸವೆದರೆ ಟೈರಿನ ಒಳ ಅಂಚು ಬೇಗ ತೇಯುತ್ತದೆ, ನೇರ ದಾರಿಯಲ್ಲೂ ಹಿಂಭಾಗ ತನಗೆ ತೋಚಿದ ಕಡೆ ಹೊರಳುತ್ತದೆ. ಒಂದು ತೋಳನ್ನು ಮಾತ್ರ ಬದಲಿಸುವ ಉಳಿತಾಯ ನನಗೆ ಎಂದೂ ಸರಿಕಂಡಿಲ್ಲ. ಆಟೊಮ್ಯಾಟಿಕ್ ಆದರೆ ರಿವರ್ಸ್‌ಗೆ ಹಾಕಿ ಎಷ್ಟು ಹೊತ್ತಿಗೆ ಹಿಡಿತ ಸಿಗುತ್ತದೆ ಎಂದು ಗಮನಿಸಿ. ಕೊನೆಗೆ ಗಾಜಿನ ಮೇಲೆ ನೀರು ಸುರಿದು ಒಂಟಿ ವೈಪರ್ ಓಡಿಸಿ: ತಿರುಗುತ್ತಲೇ ಹೊರಚಾಚಿ ಒಳಸೇರಿ ಮೂಲೆಗಳವರೆಗೆ ಒರೆಸಿ ಗಾಜಿನ ಸುಮಾರು 86 ಪ್ರತಿಶತವನ್ನು ಶುಚಿಗೊಳಿಸುವ ಆ ಯಂತ್ರ ನೋಡುವುದಕ್ಕೇ ಒಂದು ಸುಖ. ನಡುವೆ ತಡವರಿಸಿದರೆ ಅದರ ಗೇರಿಗೆ ಗ್ರೀಸ್ ಬೇಕಾಗಿದೆ ಎಂದರ್ಥ.

ಕಾಗದಪತ್ರಗಳಲ್ಲಿ 15 ವರ್ಷ ದಾಟಿದ ನಂತರದ ಆರ್‌ಸಿ ನವೀಕರಣ ಆಗಿದೆಯೇ, ಹಸಿರು ತೆರಿಗೆ ಕಟ್ಟಿದೆಯೇ ಎಂದು ನೋಡಿ. ದೆಹಲಿ ನೋಂದಣಿಯ ಕಾರು ಅಗ್ಗಕ್ಕೆ ಸಿಕ್ಕರೆ, ಅಲ್ಲಿ ಹಳೆಯ ವಾಹನಗಳ ಮೇಲಿರುವ ನಿರ್ಬಂಧ ನೆನಪಿರಲಿ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಬರಿಯ ಹೆಸರು ಹೇಳುವ ಬದಲು ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ, ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಹೊಸದರ ಸಂಖ್ಯೆಯೊಂದಿಗೆ ತಾಳೆ ನೋಡಿಯೇ ಹಣ ಕೊಡಿ.