ಹೊನ್ನಾವರದ ಕಲ್ಲುಹೂವು ನಮ್ಮ ಹಲಸಿನ ಮರಕ್ಕೆ ಹಿಡಿಯಿತು

ಹೊನ್ನಾವರದ ಅಕ್ಕನ ಮನೆಯವರ ಸೊಪ್ಪಿನ ಬೆಟ್ಟದಲ್ಲಿ ಗಾಳಿಗೆ ಬಿದ್ದ ಮಾವಿನ ಕೊಂಬೆಯಿಂದ ಬಿಡಿಸಿ ತಂದ ಕಲ್ಲುಹೂವು ಇದು. ಕಲ್ಲುಹೂವು ಅಂದರೆ ಲೈಕೆನ್, ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಬದುಕುವ ಜೀವ. ಚಿಕ್ಕಬಳ್ಳಾಪುರದ ನಮ್ಮ ತೋಟದ ಹಲಸಿನ ಮರದಲ್ಲಿ ಈಗ ಕಾಫಿ ಲೋಟದ ಬಾಯಷ್ಟು ಅಗಲ ಆಗಿದೆ. ತಂದಾಗ ಎರಡು ರೂಪಾಯಿ ನಾಣ್ಯದಷ್ಟಿತ್ತು. ಅಲ್ಲಿ 3,500 ಮಿ.ಮೀ. ಮಳೆ, ಇಲ್ಲಿ 700-800 ಬಂದರೆ ಪುಣ್ಯ, ಹೇಗೆ ಬದುಕುತ್ತೆ ಅಂತ ಬಲ್ಲವರೇ ತಲೆ ಅಲ್ಲಾಡಿಸಿದ್ದರು. ಪಕ್ಕದ ತೋಟದ ಹಿರಿಯರಂತೂ, ‘ಏನಪ್ಪಾ, ಮರದ ರೋಗಾನ ದುಡ್ಡು ಸುರಿದು ಅಂಟಿಸ್ತಿದ್ದೀಯಲ್ಲ’ ಅಂದರು. ರೋಗವಲ್ಲ, ಅದು ಮರದಿಂದ ಏನನ್ನೂ ಹೀರಲ್ಲ, ತೊಗಟೆಯನ್ನು ಬರೀ ಹಿಡಿದುಕೊಂಡಿರುತ್ತೆ ಅಂದರೂ ನಂಬಲಿಲ್ಲ.

ಜಾತಿ ಪಾರ್ಮೋಟ್ರೆಮಾ ಟಿಂಕ್ಟೋರಮ್. ಗುರುತು ಹಿಡಿಯಲು ಒಳಗಿನ ಬಿಳಿ ಪದರ ಕೆರೆದು ಒಂದು ಹನಿ ಬ್ಲೀಚ್ ಬಿಟ್ಟರೆ ರಕ್ತಗೆಂಪಾಗಬೇಕು. ಆಯಿತು.

2018ರಲ್ಲಿ ಶುರು ಮಾಡಿದಾಗ ಎಲ್ಲರಂತೆ ನಾನೂ ತೇವ ತೇವ ಅಂತ ಹಿಂದೆ ಬಿದ್ದೆ. ನೆರಳುಬಲೆ, ಫಾಗರ್, ಟೈಮರ್ ಸೇರಿ ಸುಮಾರು 14 ಸಾವಿರ ಹೋಯಿತು. ದಿನವಿಡೀ ಮಂಜು ಬಿಟ್ಟೆ. ಏಪ್ರಿಲ್ ತಿಂಗಳು. ಮೂರೇ ವಾರಕ್ಕೆ ಅಂಚು ಕಂದಿ, ಲೋಳೆಯಾಗಿ, ಮೇಲೆ ಬೂಷ್ಟು ಬಂತು. ಇದು ಒಣಗಿದಾಗ ನಿದ್ದೆ ಮಾಡುವ ಜೀವ. ನಿದ್ದೆಯಲ್ಲಿ ಎಂಥ ಬಿಸಿಲನ್ನೂ ತಡೆದುಕೊಳ್ಳುತ್ತೆ. ಮಧ್ಯಾಹ್ನ 35 ಡಿಗ್ರಿಯಲ್ಲಿ ನೆನೆಸಿ ಎಬ್ಬಿಸಿದರೆ, ಪಾಚಿ ಮಾಡುವ ಆಹಾರಕ್ಕಿಂತ ಉಸಿರಾಟಕ್ಕೆ ಆಗುವ ಖರ್ಚೇ ಹೆಚ್ಚು. ಒಣಗಲು ಬಿಡದ್ದೇ ಅದನ್ನು ಕೊಂದಿತು.

ಎರಡನೇ ಸಲ ಬೋರ್‌ವೆಲ್ ನೀರು. ನಮ್ಮ ಕಡೆಯ ನೀರಿನ ಉಪ್ಪು, ಫ್ಲೋರೈಡು ನಿಮಗೆ ಗೊತ್ತೇ ಇದೆ. ಎಲೆಯ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತು. ಬೇರಿಲ್ಲದ್ದು, ಮೈಗೆ ಬಿದ್ದದ್ದನ್ನೆಲ್ಲ ಕುಡಿಯುತ್ತೆ, ಸೋಸಿಕೊಳ್ಳುವ ದಾರಿ ಇಲ್ಲ. ಅಂದಿನಿಂದ ಹೆಂಚಿನ ಮಾಡಿನ ಮಳೆನೀರು ಮಾತ್ರ, ಎರಡು ಡ್ರಮ್ ತುಂಬಿಟ್ಟುಕೊಳ್ಳುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು. ನಲವತ್ತು ತುಂಡು ಚೆನ್ನಾಗಿ ಕೂತಿದ್ದವು. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಗಾಳಿಗೆ ಹಾರಿ ಬಂತು. ದ್ರಾಕ್ಷಿಯ ಬೂಷ್ಟು ಕೊಲ್ಲುವ ತಾಮ್ರ ಇದರ ಶಿಲೀಂಧ್ರವನ್ನು ಬಿಡುತ್ತದೆಯೇ? ಮೂವತ್ತಕ್ಕೂ ಹೆಚ್ಚು ಹೋದವು.

ಕೆಲಸ ಮಾಡಿದ ಕ್ರಮ ಇಷ್ಟೇ. ಸೂರ್ಯ ಮುಳುಗಿದ ಮೇಲೆ ಒಂದು ಸಲ, ಬೆಳಗಿನ ಐದಕ್ಕೆ ಇನ್ನೊಂದು ಸಲ ಕೈಪಂಪಿನಲ್ಲಿ ಮಳೆನೀರು. ಒಂಬತ್ತಕ್ಕೆಲ್ಲ ಮುಟ್ಟಿದರೆ ಗರಗರ ಅನ್ನಬೇಕು. ಬಾವಿ ಪಕ್ಕದ ಮರ, ಈಶಾನ್ಯಕ್ಕೆ ಮುಖ, ಎದೆಮಟ್ಟ. ಗೋಂದು ಹಾಕಬೇಡಿ. ಹಳೆ ಸೊಳ್ಳೆಪರದೆಯ ತುಂಡನ್ನು ಮೇಲೆ ಬಿಗಿಯಾಗಿ ಎಳೆದು ನಾಲ್ಕು ಪಿನ್ ಹೊಡೆದರೆ ಸಾಕು. ನವೆಂಬರಿನಿಂದ ಜನವರಿವರೆಗೆ ಪಂಪೇ ಬೇಡ, ನಂದಿಬೆಟ್ಟದಿಂದ ಇಳಿಯುವ ಮಂಜು ನೋಡಿಕೊಳ್ಳುತ್ತೆ. ಇದರೊಳಗಿರುವುದು ಹಸಿರು ಪಾಚಿ, ಗಾಳಿಯ ತೇವಕ್ಕೇ ಎಚ್ಚರವಾಗುತ್ತೆ. ಅದೇ ಕೊಂಬೆಯಲ್ಲಿ ಬಂದಿದ್ದ ಕಪ್ಪು ಲೋಳೆಯಂಥ ಜಾತಿಯಲ್ಲಿರುವುದು ನೀಲಿಹಸಿರು ಬ್ಯಾಕ್ಟೀರಿಯಾ. ಅದಕ್ಕೆ ಹನಿಯುವ ನೀರೇ ಬೇಕು, ಮಂಜು ಸಾಲದು. ಒಂದೂ ಉಳಿಯಲಿಲ್ಲ. ಕರಾವಳಿಯಿಂದ ತರುವವರು ಮೊದಲು ಈ ವ್ಯತ್ಯಾಸ ನೋಡಿ ಆರಿಸಿಕೊಳ್ಳಿ.

ಡಿಸೆಂಬರ್ ಬೆಳಗ್ಗೆ ಟಾರ್ಚ್ ಹಿಡಿದು ನೋಡಬೇಕು. ಬೂದಿ ಬಣ್ಣದ ಎಲೆ ಮಂಜು ಕುಡಿಯುತ್ತಾ ಅಂಚಿನಿಂದ ಒಳಕ್ಕೆ ಹಸಿರಾಗುತ್ತೆ, ಮಡಚಿಕೊಂಡ ಕಿವಿಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ವರ್ಷಕ್ಕೆ ಬೆಳೆಯುವುದು ಒಂದೊಂದು ಅಂಚಿಗೆ ಮೂರು-ನಾಲ್ಕು ಮಿಲಿಮೀಟರ್.

ಇಸಿಡಿಯಾದಿಂದಲೂ, ಅಂದರೆ ಎಲೆಯ ಮೈಮೇಲೆ ಏಳುವ ಪುಟ್ಟ ಮೊಳಕೆಗಳಿಂದಲೂ, ಹೊಸದನ್ನು ಬೆಳೆಸಿದ್ದೇನೆ. ಒಣಗಿದ ಎಲೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ರವೆಯಂಥ ಕಣ ಉದುರುತ್ತವೆ, ಶಿಲೀಂಧ್ರ-ಪಾಚಿ ಎರಡೂ ಅದರಲ್ಲೇ ಇರುತ್ತವೆ. ತೆಳು ಗಂಜಿಯಲ್ಲಿ ಕಲಸಿ ಒರಟು ತೊಗಟೆಗೆ ಬಳಿದೆ. ಎಂಟು ತಿಂಗಳ ಮೇಲೆ ಲೆನ್ಸಿನಲ್ಲಿ ಚುಕ್ಕೆ ಕಂಡವು. ಗಂಜಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ಬರೆಯಲ್ಲ.

ನಡುವೆ ಬಣ್ಣದ ಹುಚ್ಚೂ ಹತ್ತಿತ್ತು. ಸತ್ತ ತುಂಡುಗಳನ್ನು ಪುಡಿ ಮಾಡಿ ಹಳೆ ಗಂಜಲದಲ್ಲಿ ಹಾಕಿ, ಗಾಳಿಯಾಡಲು ದಿನಾ ಕಲಕಿದೆ. ಮೂರ್ನಾಲ್ಕು ವಾರಕ್ಕೆ ನೇರಳೆ ಬಣ್ಣ ಬಂತು. ಶಿಡ್ಲಘಟ್ಟದ ರೇಷ್ಮೆ ನೂಲು ಒಂದು ಲಡಿ ಅದ್ದಿದೆ, ಅಕ್ಕ ನೋಡಿ ನೇರಳೆಹಣ್ಣಿನ ರಸ ಅಂದುಕೊಂಡಳು. ಬಿಸಿಲಿಗೆ ಮಾತ್ರ ನಿಲ್ಲಲಿಲ್ಲ.

ಲಾಭದ ಲೆಕ್ಕ ಕೇಳಬೇಡಿ. ಸಾರಿನ ಪುಡಿಗೆ ಬೇಕಾದ ಕಲ್ಲುಹೂವು ಅಂಗಡಿಯಲ್ಲಿ 100 ಗ್ರಾಂಗೆ ನೂರು ರೂಪಾಯಿ ಆಸುಪಾಸು ಸಿಗುತ್ತೆ, ನನ್ನ ಖರ್ಚು 25 ಸಾವಿರ ದಾಟಿದೆ. ಆದರೆ ಕಳೆದ ಸಲ ಹಾಕಿದ ಅರವತ್ತರಲ್ಲಿ ನಲವತ್ತೊಂದು ಬದುಕಿವೆ. ಪಕ್ಕದ ತೋಟದ ಹಿರಿಯರು ಈಗ ಬೋರ್ಡೊ ಹೊಡೆಯುವ ಹಿಂದಿನ ರಾತ್ರಿಯೇ ಫೋನ್ ಮಾಡುತ್ತಾರೆ, ನಾನು ಬೆಳಕು ಹರಿಯುವ ಮುಂಚೆ ಹೋಗಿ ಹಲಸಿನ ಮರಕ್ಕೆ ಟಾರ್ಪಾಲು ಸುತ್ತಿ ಬರುತ್ತೇನೆ.